ಬಾಗಿಲ ಕಡೆಯ ತಟ್ಟೆ

ಸೋಫಾ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅದು ಹೊರಗೆ ಹೋಗದೆ ಶವಪೆಟ್ಟಿಗೆ ಒಳಗೆ ಬರುವಂತಿರಲಿಲ್ಲ. ಒಳಗಿನಿಂದ ಮಗಳು ತಳ್ಳುತ್ತಿದ್ದಳು, ಮೆಟ್ಟಿಲ ಮೇಲೆ ನಿಂತು ಅವಳ ಸೋದರಮಾವ ಎಳೆಯುತ್ತಿದ್ದ.

"ಎಡಕ್ಕೆ ವಾಲಿಸು ಮಾವ!"

"ನಿನ್ನ ಎಡಕ್ಕೋ ನನ್ನ ಎಡಕ್ಕೋ?"

"ಅಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಪೆನ್ಸಿಲ್ ಹಿಡ್ಕೊಂಡು ಲೆಕ್ಕ ಹಾಕಿರೋರು."

"ಹಾಕಿರೋರು. ಜೊತೆಗೆ ಮೊದಲನೇ ಸೋಫಾ ಮಾಡಿದೋನ ಚರಿತ್ರೆಯನ್ನೂ ಹೇಳಿರೋರು. ಅಷ್ಟರಲ್ಲಿ ಸಂಜೆ ಆಗಿರೋದು."

ಊಟದ ಮೇಜಿನ ಬಳಿ ಕೂತಿದ್ದ, ತೀರಿಹೋದವರ ಹೆಂಡತಿಗೆ ನಗು ಬಂತು. ನಕ್ಕ ಮೇಲೆ ನಾಚಿಕೆಯಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮನೆಯವರೆಲ್ಲ ಅವರ ಗಂಡನನ್ನು ಕರೆಯುತ್ತಿದ್ದದ್ದೇ ರೇಡಿಯೋ ಎಂದು. ಆಫ್ ಮಾಡುವ ಗುಂಡಿಯಿಲ್ಲದ ರೇಡಿಯೋ.

ಕೊನೆಗೂ ಸೋಫಾ ಹೊರಗೆ ಹೋಯಿತು, ಪೆಟ್ಟಿಗೆ ಒಳಗೆ ಬಂತು. ಅಕ್ಕಪಕ್ಕದವರು ಬಂದರು. ಕೆಳಗಿನ ಮನೆಯ ದರ್ಜಿ ಪೆಟ್ಟಿಗೆಯ ಪಕ್ಕ ನಿಂತು ಕಣ್ಣೊರೆಸಿಕೊಂಡ.

"ಎಂಥಾ ಮಾತುಗಾರ ಸ್ವಾಮಿ! ಒಂದು ಗುಂಡಿ ಹಾಕಿಸ್ಕೊಳ್ಳೋಕೆ ಬಂದ್ರೆ ಎರಡು ಗಂಟೆ. ಅಂಗಡಿಗೆ ಕಳೆ ಇತ್ತು."

ಅವನ ಹಿಂದೆ ನಿಂತಿದ್ದ ಹೆಂಗಸು ಗಲಿಬಿಲಿಗೊಂಡು ಗೋಡೆಯ ಮೇಲಿನ ಫೋಟೋ ನೋಡಿದರು, ಪೆಟ್ಟಿಗೆಯೊಳಗೆ ನೋಡಿದರು, ಮತ್ತೆ ಫೋಟೋ ನೋಡಿದರು.

"ಕ್ಷಮಿಸಿ, ನಾನು ಮರಿಮನೆಯ ಪಕ್ಷಿವೈದ್ಯೆ. ಇವರು ನಮ್ಮ ಮೌನಿ ಸರ್ ತಾನೆ?"

"ಮೌನಿ?" ಎಂದ ಬಾಮೈದ. "ಯಾರು, ನಮ್ಮ ಭಾವನಾ?"

"ನಾನು ಬಂದು ಆರು ವರ್ಷ ಆಯ್ತು. ಅವರ ಬಾಯಿಂದ ಒಂದು ಮಾತು ಕೇಳಿಲ್ಲ. ನಿಜ ಹೇಳ್ಬೇಕಂದ್ರೆ ಮೊದಲ ವರ್ಷ ಪೂರ್ತಿ ಅವರಿಗೆ ಮಾತೇ ಬರಲ್ಲ ಅಂದ್ಕೊಂಡಿದ್ದೆ."

ಮಗಳು ಕಿಸಕ್ಕನೆ ನಕ್ಕಳು, ನಗುತ್ತಲೇ ಅಳತೊಡಗಿದಳು.

*

ಮರಿಮನೆಯಲ್ಲಿ ಮಾತಾಡುವಂತಿರಲಿಲ್ಲ. ಲೋಕದಲ್ಲೆಲ್ಲ ಸೇರಿ ಮುನ್ನೂರೂ ಉಳಿಯದ ಒಂದು ಅಪರೂಪದ ಜಾತಿಯ ಬಿಳಿ ಕೊಕ್ಕರೆಯ ಮೊಟ್ಟೆಗಳಿಗೆ ಅಲ್ಲಿ ಪೆಟ್ಟಿಗೆಯಲ್ಲಿ ಕಾವು ಕೊಡುತ್ತಿದ್ದರು. ಮರಿಗಳು ಮನುಷ್ಯರ ದನಿಗೆ ಒಗ್ಗಿಬಿಟ್ಟರೆ ಕಾಡಿಗೆ ಬಿಟ್ಟಾಗ ಮನುಷ್ಯರ ಹಿಂದೆಯೇ ಹೋಗಿ ಸಾಯುತ್ತವೆ. ಅದಕ್ಕೇ ಅಲ್ಲಿನವರೆಲ್ಲ ಬಿಳಿ ನಿಲುವಂಗಿ ತೊಟ್ಟು, ಕೈಗೆ ಕೊಕ್ಕಿನ ಗೊಂಬೆ ಹಾಕಿಕೊಂಡು, ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಮೌನಿ ಸರ್ ಇಪ್ಪತ್ತೆಂಟು ವರ್ಷ ಹಾಗೆ ದುಡಿದರು. ಬೆಳಗಿನಿಂದ ಒಳಗೇ ಉಳಿದ ಮಾತೆಲ್ಲ ಸಂಜೆ ಚಪ್ಪಲಿ ಬಿಡುವಾಗಲೇ ಶುರುವಾಗುತ್ತಿತ್ತು.

ಕಾವುಪೆಟ್ಟಿಗೆಯ ಲೆಕ್ಕವನ್ನು ಅವರು ಊಟದ ಮೇಜಿನ ಮೇಲೇ ಹಾಕಿದ್ದು. ನಾಲ್ಕು ತಟ್ಟೆ, ನಾಲ್ಕು ಹೀಟರ್. ಒಂದು ಹೀಟರ್ ಏರಿಸಿದರೆ ಪಕ್ಕದ ತಟ್ಟೆಗೂ ಬಿಸಿ ತಾಗುತ್ತದೆ; ಆದ್ದರಿಂದ ಒಂದನ್ನು ಏರಿಸುವಾಗ ಉಳಿದವನ್ನು ಎಷ್ಟೆಷ್ಟು ಇಳಿಸಬೇಕು ಎಂಬುದಕ್ಕೆ ನಾಲ್ಕು ಸಾಲು, ಸಾಲಿಗೆ ನಾಲ್ಕು ಅಂಕಿ.

"ಇದನ್ನ ಮ್ಯಾಟ್ರಿಕ್ಸ್ ಅಂತಾರೆ. ನಮ್ಮನೇನೂ ಅದೇ," ಎಂದು ಹೆಂಡತಿಗೆ ವಿವರಿಸಿದ್ದರು. "ಒಂದನೇ ತಟ್ಟೆ ನೀನು. ನೀನು ಎರಡೂವರೆ ಏರಿದ್ರೆ ನಾನು ಅರ್ಧ ಇಳೀಬೇಕು, ಮಗಳು ಕಾಲು ಇಳೀಬೇಕು. ಇಲ್ಲದಿದ್ರೆ ಮನೆ ಹೊತ್ತಿ ಉರಿಯತ್ತೆ. ಬಾಗಿಲ ಕಡೇದು ನಿನ್ನ ತಮ್ಮ. ಅವನಿಗೆ ಸೊನ್ನೆ. ನಮ್ಮ ಬಿಸಿ ಅವನಿಗೆ ತಾಗಲ್ಲ, ಅವನದು ನಮಗೆ ತಾಗಲ್ಲ. ಕೇಳಿಸ್ಕೊಳ್ತಿದ್ದೀಯಾ?"

"ಹೂಂ," ಎಂದಿದ್ದರು ಆಕೆ, ಬಟ್ಟೆ ಮಡಿಸುತ್ತ.

ಆಗ ತಮ್ಮ ಅವರ ಮನೆಯ ಮೆಟ್ಟಿಲು ಹತ್ತುವುದನ್ನು ಬಿಟ್ಟು ವರ್ಷವಾಗಿತ್ತು.

*

ಪಕ್ಷಿವೈದ್ಯೆಯ ಫೋನ್ ಮೂರನೆಯ ಸಲ ನಡುಗಿತು. ಅವರ ಮುಖ ಇಳಿದುಹೋಯಿತು.

"ಏನಾಯ್ತಮ್ಮ?" ಎಂದರು ಹೆಂಡತಿ.

"ಇವತ್ತು ಹೇಳಬಾರದು ಅಂದ್ಕೊಂಡಿದ್ದೆ. ರಾತ್ರಿ ಕರೆಂಟ್ ಹೋಗಿ ಬಂದಿದೆ. ಕಾವುಪೆಟ್ಟಿಗೆಗೆ ಅಂಕಿ ಎಲ್ಲಾ ಮರೆತುಹೋಗಿದೆ. ಒಳಗೊಂದು ಸಣ್ಣ ಬ್ಯಾಟರಿ ಇದೆ, ಅದನ್ನ ಪ್ರತಿವರ್ಷ ಸರ್ ಬದಲಾಯಿಸ್ತಿದ್ರು. ಈ ಸಲ ಆಸ್ಪತ್ರೆಯಲ್ಲಿದ್ರಲ್ಲ..." ಬ್ಯಾಗಿನಿಂದ ಹಳದಿಗಟ್ಟಿದ ಚೀಟಿ ತೆಗೆದರು. "ಮುಚ್ಚಳದ ಒಳಗೆ ಅವರೇ ಅಂಟಿಸಿದ್ದು. ಇದನ್ನೇ ಹಾಕಿದ್ವಿ, ಆದ್ರೂ ಬಾಗಿಲ ಕಡೆ ತಟ್ಟೆ ಏರ್ತಾನೇ ಇದೆ. ಮೂವತ್ತೊಂಬತ್ತು ಮುಟ್ಟಿದೆ. ಮೂವತ್ತೇಳೂವರೆ ಇರಬೇಕು. ಇನ್ನೊಂದು ಗಂಟೆ ಹೀಗೇ ಇದ್ರೆ ಆ ಮೊಟ್ಟೆಗಳು ಉಳಿಯಲ್ಲ. ಬಿರಿಯೋಕೆ ಬಂದಿರೋ ಮೊಟ್ಟೆಗಳು."

ಹೆಂಡತಿ ಚೀಟಿಯನ್ನು ದೂರ ಹಿಡಿದು ಓದಿದರು.

"ಇದು ಹಳೇದು," ಎಂದರು.

"ಅಂದ್ರೆ?"

"ಹೋದ ವರ್ಷ ಕಾವುಪೆಟ್ಟಿಗೆಗೆ ಗಾಜಿನ ಬಾಗಿಲು ಹಾಕಿಸಿದ್ರಲ್ಲ? ಮರದ ಬಾಗಿಲಿದ್ದಾಗ ಗಾಳಿ ನುಗ್ತಿತ್ತು, ಆ ತಟ್ಟೆ ಒಂದೇ ಬೇರೆಯಾಗಿತ್ತು. ಹೊಸ ಬಾಗಿಲು ಬಂದ ಮೇಲೆ ಅಂಕಿ ಬದಲಾಯಿಸಿದ್ರು."

"ನಮಗೆ ಹೇಳಲೇ ಇಲ್ಲ!"

"ನನಗೆ ಹೇಳಿದ್ರು. ಏಳು ಸಲ. ನನಗೆ ಹೇಳಿದ್ರೆ ಊರಿಗೆಲ್ಲ ಹೇಳಿದ ಹಾಗೆ ಅಂದ್ಕೊಂಡಿರ್ಬೇಕು. ಬರ್ಕೊಳ್ಳಿ."

ಹೊರಗಿನಿಂದ ವಾಹನದ ಡ್ರೈವರ್ ಇಣುಕಿ, ಹೊರಡೋ ಹೊತ್ತಾಯ್ತು ಎಂದ.

"ಕಾಯಪ್ಪ. ಇವರಿಗೇನೂ ಅವಸರ ಇಲ್ಲ," ಎಂದರು ಹೆಂಡತಿ.

ಆಕೆ ಕಣ್ಣು ಮುಚ್ಚಿದರು. ಅಂಕಿಗಳು ಅಂಕಿಗಳಾಗಿ ಬರಲಿಲ್ಲ. ಗಂಡನ ದನಿಯಲ್ಲಿ, ಅವರು ಅಂಗಿಯ ಗುಂಡಿ ಬಿಚ್ಚುತ್ತ ಹೇಳಿದ ಲಯದಲ್ಲೇ ಬಂದವು.

"ಮೊದಲನೇ ಸಾಲು ನಂದು. ಎರಡೂವರೆ, ಮೈನಸ್ ಅರ್ಧ, ಮೈನಸ್ ಕಾಲು. ಕೊನೇ ಸೊನ್ನೆ ತೆಗೀರಿ, ಮೈನಸ್ ಕಾಲು. ಎರಡನೇ ಸಾಲು ಅವರದು. ಮೈನಸ್ ಅರ್ಧ, ಎರಡೂವರೆ, ಮೈನಸ್ ಅರ್ಧ. ಅಲ್ಲೂ ಸೊನ್ನೆ ತೆಗೀರಿ, ಮೈನಸ್ ಕಾಲು. ಮಗಳದು ಮೈನಸ್ ಕಾಲು, ಮೈನಸ್ ಅರ್ಧ, ಎರಡೂವರೆ. ಸೊನ್ನೆ ಬೇಡ, ಮೈನಸ್ ಅರ್ಧ. ಮಾವ ಅಂದ್ರೆ ಅವಳಿಗೆ ಸ್ವಲ್ಪ ಜಾಸ್ತಿ."

ಪಕ್ಷಿವೈದ್ಯೆ ಮಾತಾಡದೆ ಫೋನಿನಲ್ಲಿ ಒತ್ತುತ್ತಿದ್ದರು. ಅತ್ತ ಕಡೆ ಮರಿಮನೆಯಲ್ಲಿದ್ದವನೂ ಮಾತಾಡುವಂತಿರಲಿಲ್ಲ.

"ಬಾಗಿಲ ಕಡೆಯ ಸಾಲು," ಎಂದು ಹೆಂಡತಿ ಕಣ್ಣು ತೆರೆದು ತಮ್ಮನನ್ನು ನೋಡಿದರು. "ಇದು ನೀನು ಕಣೋ. ಹನ್ನೊಂದು ವರ್ಷದ ಮುನಿಸು ಬಿಟ್ಟು ಬಂದು ನಮ್ಮ ಜೊತೆ ಊಟ ಮಾಡಿದೆಯಲ್ಲ, ಅದೇ ವಾರ ಗಾಜಿನ ಬಾಗಿಲು ಹಾಕಿದ್ದು. ಅವತ್ತು ನೀನು ಹೋದ ಮೇಲೆ ನಿಮ್ಮ ಭಾವ ಚೀಟಿ ಹಿಡ್ಕೊಂಡು ಕುಣಿದಾಡಿಬಿಟ್ರು. 'ನೋಡೇ, ನಿನ್ನ ತಮ್ಮನ ಸಾಲಲ್ಲಿ ಒಂದೂ ಸೊನ್ನೆ ಇಲ್ಲ' ಅಂತ."

ಬಾಮೈದ ಬಗ್ಗಿ ಚೀಟಿಯ ಕೊನೆಯ ಸಾಲು ನೋಡಿದ.

"ಮೈನಸ್ ಕಾಲು, ಮೈನಸ್ ಕಾಲು, ಮೈನಸ್ ಅರ್ಧ. ಕೊನೇದು ಚೀಟಿಯಲ್ಲಿ ಮೂರೂವರೆ ಇದೆಯಲ್ಲ, ಎರಡೂವರೆ ಮಾಡಿ. ಅವನೂ ಈಗ ನಮ್ಮ ಹಾಗೇ."

*

ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ ಅವರು ಬ್ಯಾಟರಿಯ ವಿಷಯ ಎತ್ತಿದ್ದರು. ಹೆಂಡತಿಗೆ ತಲೆ ಸಿಡಿಯುತ್ತಿತ್ತು. "ದಮ್ಮಯ್ಯ, ಒಂದು ಗಳಿಗೆ ಸುಮ್ಮನಿರಿ," ಎಂದಿದ್ದರು. ಅವರು ನಕ್ಕು ಸುಮ್ಮನಾದರು. ಮರುದಿನ ಗಂಟಲಿಗೆ ನಳಿಗೆ ಇಳಿಸಿದರು. ಮೂರು ವಾರ ಮಾತಿಲ್ಲ, ಆಮೇಲೂ ಇಲ್ಲ. ಆ ಒಂದು ಗಳಿಗೆ ಆಕೆಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

*

ವಾಹನ ಹೊರಟಿತು. ಪೆಟ್ಟಿಗೆಯ ಒಂದು ಬದಿಗೆ ಹೆಂಡತಿ, ಮಗಳು. ಎದುರಿಗೆ ಬಾಮೈದ, ಪಕ್ಷಿವೈದ್ಯೆ. ಎರಡನೆಯ ತಿರುವಿನಲ್ಲಿ ಫೋನ್ ನಡುಗಿತು. ಪಕ್ಷಿವೈದ್ಯೆ ನೋಡಿ, ಅದನ್ನು ಹೆಂಡತಿಯ ಕೈಗೆ ಕೊಟ್ಟರು. ಒಂದು ಅಕ್ಷರವೂ ಇರಲಿಲ್ಲ, ಎರಡು ಚಿತ್ರಗಳಷ್ಟೇ. ಮೊದಲನೆಯದರಲ್ಲಿ ನಾಲ್ಕೂ ತಟ್ಟೆಗಳಿಗೆ ಮೂವತ್ತೇಳೂವರೆ. ಎರಡನೆಯದರಲ್ಲಿ ಬಾಗಿಲ ಕಡೆಯ ತಟ್ಟೆಯ ಒಂದು ಮೊಟ್ಟೆ. ಚಿಪ್ಪಿನಲ್ಲಿ ಬಟಾಣಿಯಷ್ಟು ತೂತು, ತೂತಿನಲ್ಲಿ ಕೊಕ್ಕಿನ ತುದಿ.

ಹೆಂಡತಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ಬಾಗಿದರು.

"ರೀ, ಸರಿಹೋಯ್ತು. ಆ ಹಳೇ ಚೀಟಿ ಯಾಕೆ ಅಲ್ಲೇ ಬಿಟ್ರಿ? ಇವರಿಗೆ ಒಂದು ಸಾಲು ಬರೆದಿಟ್ಟಿದ್ರೆ ಕೈ ಸವೀತಿತ್ತಾ? ಬ್ಯಾಟರಿ ಹಾಕಿಸ್ತೀನಿ, ಇವತ್ತೇ. ಇನ್ನು ನಿಮ್ಮ ತಟ್ಟೆಯಲ್ಲಿ ಎರಡು ಮೊಟ್ಟೆ ಇವೆಯಂತೆ, ನಾಳೆಯೋ ನಾಡಿದ್ದೋ. ಮತ್ತೆ ಬೆಳಿಗ್ಗೆ ಸೋಫಾ ಕತೆ ಹೇಳಲೇ ಇಲ್ಲ..."

ಮನೆಯಿಂದ ಸ್ಮಶಾನಕ್ಕೆ ಅರ್ಧ ಗಂಟೆಯ ದಾರಿ. ಆಕೆ ನಿಲ್ಲಿಸಲಿಲ್ಲ. ಸೋಫಾ, ದರ್ಜಿ, ಮೌನಿ, ಕರೆಂಟು, ಎಲ್ಲವನ್ನೂ ಹೇಳಿದರು. ಹೇಳುತ್ತ ಹೇಳುತ್ತ ನಡುವೆ ತಡೆದು, ಇಪ್ಪತ್ತೆಂಟು ವರ್ಷ ಪ್ರತಿ ಸಂಜೆ ಗಂಡ ಕೇಳುತ್ತಿದ್ದ ಪ್ರಶ್ನೆಯನ್ನು ತಾವೇ ಕೇಳಿಬಿಟ್ಟರು.

"ಕೇಳಿಸ್ಕೊಳ್ತಿದ್ದೀರಾ?"

ವಾಹನ ಹಳ್ಳಕ್ಕೆ ಇಳಿದು ಏರಿತು. ಪೆಟ್ಟಿಗೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ ತಮ್ಮ ತಲೆಯೆತ್ತದೆ ಹೇಳಿದ:

"ಹೂಂ."