ಉತ್ತರ ಧ್ರುವದಲ್ಲಿ ನಮ್ಮ ಗೌರಿಯ ಬೆಣ್ಣೆ

ನನ್ನಜ್ಜಿ ಕರಿಬಸಮ್ಮನಿಗೆ ಕಣ್ಣು ಹೋಗಿ ಆರು ವರ್ಷವಾಗಿತ್ತು. ಬಾಯಿಮಾತಿನಲ್ಲೇ ನನ್ನನ್ನು ಏಳು ಸಮುದ್ರದಾಚೆ ಎಷ್ಟೋ ಸಲ ಕರೆದೊಯ್ದವಳು ಅವಳು. ಹಾಗಾಗಿ ೧೯೮೩ರಲ್ಲಿ, ಕಡೂರಿನ ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ಉತ್ತರ ಧ್ರುವ ಮಾಡುವ ಕೆಲಸ ಹೊಸ ಟೀಚರಾದ ನನ್ನ ಪಾಲಿಗೆ ಬಂದಾಗ, ಅಜ್ಜಿಗೂ ಕಾಣುವಂಥದ್ದನ್ನೇ ಮಾಡಬೇಕೆಂದು ಹಟ ಹಿಡಿದೆ.

ಹೆಡ್‌ಮಾಸ್ಟರ್ ಸೋಮಶೇಖರಪ್ಪನವರು ‘ಮುಟ್ಟಬೇಡಿ’ ಎಂಬ ಬೋರ್ಡು ತಂದಿಟ್ಟರು. ನಾನು ಅದನ್ನು ತಿರುಗಿಸಿ, ಬೆನ್ನಿಗೆ ‘ಮುಟ್ಟಿ ನೋಡಿ’ ಎಂದು ಬರೆದೆ.

“ಏನಮ್ಮಾ, ಎಲ್ಲಾ ಕಿತ್ತಾಕ್ಬಿಟ್ರೆ?”

“ಮತ್ತೆ ಮಾಡ್ತೀನಿ ಬಿಡಿ ಸಾರ್.”

ಬಿಳಿ ಕುರಿಯ ಉಣ್ಣೆಯಿಂದ ಕರಡಿಯಾಯಿತು. ಬೀರೂರಿನಿಂದ ಮರದ ಹೊಟ್ಟು ಮೆತ್ತಿದ ಐಸ್ ಗಡ್ಡೆ ಬಸ್ಸಿನ ಮೇಲೇರಿ ಬಂದು, ತೊಟ್ಟಿಯಲ್ಲಿ ಕಡಲಾಯಿತು. ಪಕ್ಕದಲ್ಲಿ ಒಂದರೊಳಗೊಂದು ಎರಡು ಪ್ಲಾಸ್ಟಿಕ್ ಚೀಲ, ನಡುವೆ ದಪ್ಪಗೆ ಬೆಣ್ಣೆ. ಒಳಗಿನ ಚೀಲಕ್ಕೆ ಕೈ ತೂರಿಸಿ ನೀರಿಗಿಳಿಸಿದರೆ ಚಳಿ ತಟ್ಟುವುದಿಲ್ಲ. ಹಿಮದ ಕಡಲಿನ ಸೀಲ್ ಪ್ರಾಣಿ ಬದುಕುವುದೂ ಹಾಗೆಯೇ, ಚರ್ಮದಡಿಯ ಕೊಬ್ಬಿನಿಂದ.

ಪ್ರದರ್ಶನದ ದಿನ ಅಜ್ಜಿ ಕರಡಿಯ ಮೂಗು ಸವರಿ, “ನೆಗಡಿ ಆಗಿಲ್ವೇನೋ ನಿಂಗೆ?” ಎಂದಳು. ತೊಟ್ಟಿಗೆ ಬರಿಗೈ ಅದ್ದಿ, “ಅಯ್ಯೋ ಶಿವನೇ!” ಎಂದು ಎಳೆದುಕೊಂಡಳು. ನಾನು ಹಿಗ್ಗಿನಲ್ಲಿ ಚೀಲ ಮುಂದೊಡ್ಡಿದೆ.

“ಇದು ಸೀಲಿನ ಕೊಬ್ಬು. ಕೈ ಹಾಕಜ್ಜಿ.”

ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದಳು.

“ಕೊಬ್ಬಾ? ದಿನಾ ಲಿಂಗ ಹಿಡಿಯೋ ಕೈ ಕಣೇ ಇದು! ನಡಿ ಮನೆಗೆ.”

ಹಿಂದಿದ್ದ ಹೆಂಗಸರೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. ಸೋಮಶೇಖರಪ್ಪನವರು ಬೋರ್ಡು ತಿರುಗಿಸಲು ಕೈ ಚಾಚಿದರು. ಇಷ್ಟು ದಿನದ ಉತ್ತರ ಧ್ರುವ, ಅಜ್ಜಿಗೇ ಇಲ್ಲವೆಂದರೆ! ನಿಜ ಹೇಳದೆ ದಾರಿಯಿರಲಿಲ್ಲ.

“ಅಲ್ಲಜ್ಜೀ, ಅದು ಬೆಣ್ಣೆ. ನಮ್ಮನೇದೇ.”

ಅಜ್ಜಿ ಚೀಲವನ್ನು ಮೂಗಿಗೆ ಹಿಡಿದಳು.

“ನಮ್ ಎಮ್ಮೆ ಗೌರೀದು! ಎಂಟು ದಿನದಿಂದ ಆ ಬೆಕ್ಕಿಗೆ ಬಯ್ದಿದ್ದೇ ಬಯ್ದಿದ್ದು ನಾನು. ಟೀಚರ್ ಕೆಲ್ಸ ಮಾಡೋ ಬೆಕ್ಕು ಕಣ್ರೀ ಇದು!”

ನಗುವಿನ ನಡುವೆ ಅವಳ ಕೈ ಚೀಲದೊಳಗೆ ಹೋಗಿ ನೀರಿಗಿಳಿಯಿತು. ಬೆರಳುಗಳನ್ನು ಒಳಗೇ ಆಡಿಸಿ ನೋಡಿದಳು.

“ಚಳೀನೇ ಇಲ್ವಲ್ಲೇ... ಇದರ ಮರಿಗೂ ಹಿಂಗೇ ಬೆಚ್ಚಗಿರತ್ತಾ?”

“ಹುಟ್ದಾಗ ಕೊಬ್ಬು ಇರಲ್ಲಜ್ಜಿ. ತಾಯಿ ಹಾಲು ಕುಡೀತಾ ಕುಡೀತಾ ಬರುತ್ತೆ. ಆ ಹಾಲಲ್ಲಿ ಅರ್ಧ ಬೆಣ್ಣೇನೇ.”

ಅಜ್ಜಿಗೆ ಅಷ್ಟು ಸಾಕಾಯಿತು. ಕೈಯನ್ನು ಕಡಲಲ್ಲೇ ಬಿಟ್ಟುಕೊಂಡು, ಮುಖವನ್ನು ಜನರತ್ತ ತಿರುಗಿಸಿದಳು.

“ಒಂದೂರು. ಊರೆಲ್ಲಾ ಐಸೇ ಕಣ್ರಪ್ಪಾ. ಅಲ್ಲೊಬ್ಳು ಸೀಲಮ್ಮ, ಬಸುರಿ...”

ಸಾಲು ಬಾಗಿಲಾಚೆಗೂ ಬೆಳೆಯಿತು. ಅದರ ಮುಂದೆ ಸೋಮಶೇಖರಪ್ಪನವರೇ ಅಂಗಿಯ ತೋಳು ಮಡಿಸಿಕೊಂಡು ನಿಂತಿದ್ದರು.

“ಅಜ್ಜೀ, ಕತೆ ಹೇಳ್ತಾನೇ ಇರಿ. ಆ ಚೀಲ ಮಾತ್ರ ಒಂಚೂರು ಈ ಕಡೆ ಕೊಡಿ!”