ಹಿಡ್ಕೊಂಡೆ ಸಾರ್

ನಮ್ಮಪ್ಪನ ಲಿವರಿಗೆ ರಕ್ತ ಒಯ್ಯುವ ದೊಡ್ಡ ನಾಳ ಕಟ್ಟಿಕೊಂಡಿದೆ ಎಂಬ ಅನುಮಾನ. ಪೂರ್ತಿ ಕಟ್ಟಿದ್ದರೆ ಆಪರೇಷನ್, ಸಂದಿ ಉಳಿದಿದ್ದರೆ ಮಾತ್ರೆ. ಮಾಮೂಲಿ ಸ್ಕ್ಯಾನಿನಲ್ಲಿ ಹೊಟ್ಟೆಯ ಗ್ಯಾಸ್ ಅಡ್ಡ ಬಂದು ಏನೂ ಕಾಣಲಿಲ್ಲ. ಅದಕ್ಕೇ ಎಂಆರ್‌ಐ. ರಕ್ತ ಯಾವ ಕಡೆಗೆ, ಎಷ್ಟು ಜೋರಾಗಿ ಓಡುತ್ತಿದೆ ಎಂಬುದನ್ನು ಈ ಹೊಸ ಮಿಷನ್ನು ಬಣ್ಣ ಹಚ್ಚಿ ತೋರಿಸುತ್ತದಂತೆ. ಹೇಳಿದಾಗ ಉಸಿರು ಬಿಗಿಹಿಡಿದು ಸುಮ್ಮನಿದ್ದರಾಯಿತು.

ಸುಮ್ಮನಿರುವುದು! ನಮ್ಮಪ್ಪ! ಸೈಕಲ್ ಅಂಗಡಿ ಇಟ್ಟಾಗಿನಿಂದ ಯಾರ ಮಾತಿಗೂ ಉತ್ತರ ಬಾಕಿ ಉಳಿಸಿದವನಲ್ಲ. ಆಸ್ಪತ್ರೆಯ ಲಿಫ್ಟು "ಬಾಗಿಲು ಮುಚ್ಚುತ್ತಿದೆ" ಎಂದರೆ "ಮುಚ್ಚಮ್ಮಾ" ಎಂದಿದ್ದ ಆಸಾಮಿ.

ಗಾಜಿನಾಚೆ ಕೊಳವೆಯಿಂದ ಅವನ ಪಾದಗಳಷ್ಟೇ ಹೊರಗಿದ್ದವು. ಟೆಕ್ನಿಷಿಯನ್ ಮೈಕಿನಲ್ಲಿ, "ಉಸಿರು ಹಿಡ್ಕೊಳ್ಳಿ" ಎಂದ.

"ಹಿಡ್ಕೊಂಡೆ ಸಾರ್!"

ಚಿತ್ರ ಕಲಸಿಹೋಯಿತು.

"ಮಾತಾಡ್ಬೇಡಿ ಯಜಮಾನ್ರೇ."

"ಇಲ್ಲ ಸಾರ್, ಮಾತೇ ಆಡಲ್ಲ ಸಾರ್."

ಮತ್ತೆ ಕಲಸಿತು. ಟೆಕ್ನಿಷಿಯನ್ ನನ್ನ ಕಡೆ ತಿರುಗಿದ. "ನಿಮ್ಮಪ್ಪಂಗೆ ಕಿವಿ ಕೇಳಲ್ವಾ?"

"ಕೇಳೋದೇ ತೊಂದರೆ."

"ಹಾಗಾದ್ರೆ ಎಬ್ಬಿಸಿ ಕರ್ಕೊಂಡು ಹೋಗಿ. ಇನ್ಯಾವತ್ತಾದ್ರೂ ನೋಡೋಣ."

ಇನ್ಯಾವತ್ತಾದರೂ! ನಾಳ ಅಷ್ಟರವರೆಗೆ ಕಾಯುತ್ತದೆಯೇ? ಉರಿದುಹೋಯಿತು. ಮೈಕು ಕಿತ್ತುಕೊಂಡೆ. "ಅಪ್ಪಾ, ಬಾಯಿ ಮುಚ್ಕೊಂಡು ಬಿದ್ಕೋ!"

"ಹೇಳೋಕೆ ಬಂದ ದೊಡ್ಡ ಮನುಷ್ಯ! ಅಂಗಡಿ ಬೋರ್ಡಿಗೆ ಹಸಿರು ಬಳಿದು ಕೆಡಿಸಿದವನು!"

"ಆಯ್ತು ಮಾರಾಯ! ಹಸಿರು ದರಿದ್ರವಾಗಿದೆ. ನೀನು ಹೇಳಿದ ನೀಲಿನೇ ಸರಿ!"

ಕೊಳವೆಯಿಂದ ಸದ್ದೇ ಇಲ್ಲ. ನನಗೆ ಗಾಬರಿಯಾಯಿತು. "ಸಾರ್, ಉಸಿರಾಡ್ತಿದಾರಾ?"

"ಇಲ್ಲ!" ಎಂದು ಟೆಕ್ನಿಷಿಯನ್ ಬಟನ್ನಿನ ಮೇಲೆ ಎರಗಿದ. ಚಿತ್ರ ಕನ್ನಡಿಯಂತೆ ಬಂತು. "ಇನ್ನೂ ಬೇಕು. ಬೇರೆ ಏನಾದ್ರೂ ಒಪ್ಕೊಳ್ಳಿ."

ನನ್ನ ಗಡ್ಡ ಕೊಳಕು ಎಂದು ಒಪ್ಪಿಕೊಂಡೆ. ಚಿತ್ರ ಬಂತು. ಚಕ್ರದ ಸೊಟ್ಟ ತೆಗೆಯುವುದರಲ್ಲಿ ಅವನ ಕೈಯೇ ಕೈ ಎಂದು ಹಲ್ಲು ಕಡಿದುಕೊಂಡು ಹೇಳಿದೆ. ಅದೂ ಬಂತು. ನಡುನಡುವೆ ಒಳಗಿಂದ, "ಇನ್ನೊಂದ್ಸಲ ಹೇಳೋ, ಸರಿಯಾಗಿ ಕೇಳಿಸ್ಲಿಲ್ಲ!"

"ಕೊನೇದು," ಎಂದರು ಪರದೆಯ ಮುಂದೆ ಕೂತಿದ್ದ ಡಾಕ್ಟರಮ್ಮ. "ಆ ದೊಡ್ಡ ನಾಳದ್ದೇ."

ನನ್ನ ಬಳಿ ಉಳಿದಿದ್ದು ಬ್ಯಾಟರಿ ಸೈಕಲ್ ಒಂದೇ. ಅಂಗಡಿಗೆ ಅವನ್ನು ತರುತ್ತೇನೆಂದು ನಾನು, ಸೋಮಾರಿಗಳ ಗಾಡಿ ನನ್ನ ಹೊಸಿಲು ದಾಟಕೂಡದೆಂದು ಅವನು, ವರ್ಷವಿಡೀ ಕಿತ್ತಾಡಿದ್ದೆವು. ಮೈಕನ್ನು ಬಾಯಿಂದ ದೂರ ಹಿಡಿದೆ.

"ಉಸಿರು ಹಿಡ್ಕೊಳ್ಳಿ," ಎಂದ ಟೆಕ್ನಿಷಿಯನ್, ನನ್ನ ಪಕ್ಕೆಗೆ ತಿವಿಯುತ್ತ.

"ಅಪ್ಪಾ... ಬ್ಯಾಟರಿ ಸೈಕಲ್ ಬೇಡ. ನಿನ್ನ ಮಾತೇ ನಡೀಲಿ."

ಪಾದದ ಹೆಬ್ಬೆರಳು ಸಹ ಅಲ್ಲಾಡಲಿಲ್ಲ. ಪರದೆಯ ಮೇಲೆ ಹೆಪ್ಪುಗಟ್ಟಿದ ರಕ್ತದ ಕಪ್ಪು ಗಡ್ಡೆಯ ಪಕ್ಕದಲ್ಲಿ ನೂಲಿನಂಥ ಕೆಂಪು ಧಾರೆ ಲಿವರಿನತ್ತ ನುಸುಳುತ್ತಿತ್ತು.

"ಪೂರ್ತಿ ಕಟ್ಟಿಲ್ಲಪ್ಪ," ಎಂದರು ಡಾಕ್ಟರಮ್ಮ. "ಓಡ್ತಾ ಇದೆ, ಸರಿಯಾದ ದಿಕ್ಕಿಗೇ. ಆಪರೇಷನ್ ಬೇಡ. ಮಾತ್ರೆ ಮುಗಿಸಿ, ಆಮೇಲೆ ಇದೇ ಸ್ಕ್ಯಾನ್ ಇನ್ನೊಂದ್ಸಲ."

ಟೆಕ್ನಿಷಿಯನ್ ತನ್ನ ಕುರ್ಚಿ ಬಿಟ್ಟುಕೊಟ್ಟ.

ಅಪ್ಪ ಆಸ್ಪತ್ರೆಯ ನಿಲುವಂಗಿಯ ದಾರ ಕಟ್ಟಿಕೊಳ್ಳುತ್ತ ಬಂದ. "ಸಾರ್, ಇವನು ಹೇಳಿದ್ದು ರೆಕಾರ್ಡ್ ಆಗಿದೆಯಾ?"

"ಇಲ್ಲ, ರಕ್ತದ್ದು ಮಾತ್ರ."

"ನಾನೇನೂ ಹೇಳಿಲ್ಲ," ಎಂದೆ. "ಬ್ಯಾಟರಿ ಸೈಕಲ್ ಸೋಮವಾರ ಬರುತ್ತೆ."

"ಬರ್ಲಿ ಬಿಡು." ಡಾಕ್ಟರಮ್ಮನ ಕಡೆ ತಿರುಗಿ ಕೈ ಮುಗಿದ. "ಆ ಇನ್ನೊಂದು ಸ್ಕ್ಯಾನು, ಸ್ವಲ್ಪ ಬೇಗ ಇಟ್ಕೊಳ್ಳೋಕಾಗುತ್ತಾ ತಾಯಿ?"