ದ್ರಾಕ್ಷಿ ಸೀಮೆಯಲ್ಲಿ ಅನ್ನಪೂರ್ಣಮ್ಮ

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಖಾನಾವಳಿ ನಡೆಸುತ್ತಿರುವ ಅನ್ನಪೂರ್ಣಮ್ಮ ಹೆಂಡ, ಬ್ರಾಂದಿ, ವೈನು ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದಿಟ್ಟವಳು. ಕುಡಿದು ಬಂದವನಿಗೆ ಆಕೆಯ ಬೆಂಚಿನಲ್ಲಿ ಜಾಗವಿಲ್ಲ. ಅವನು ಎಷ್ಟು ದೊಡ್ಡ ಆಫೀಸರಾದರೂ ಅಷ್ಟೆ. ಅಂಥವಳು ಒಂದು ಗುರುವಾರ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಪೆಟ್ಟಿಗೆಯ ತಳದಲ್ಲಿದ್ದ ಮೊಳಕಾಲ್ಮೂರು ಸೀರೆ ಉಟ್ಟು ವೈನ್ ತೋಟಗಳ ಪ್ರವಾಸಕ್ಕೆ ಹೊರಟು ನಿಂತಳೆಂದರೆ ಓಣಿಯವರು ನಗದೆ ಇರುತ್ತಾರೆಯೇ? ಹೊಟ್ಟೆ ತುಂಬ ನಕ್ಕರು.

ಹೊರಡಿಸಿದವಳು ಆಕೆಯ ತಮ್ಮನ ಮಗಳು ದೀಪಿಕಾ. ಮೊಳಕಾಲ್ಮೂರಿನ ಆಚೆ, ಗುಡ್ಡಗಳ ಬುಡದಲ್ಲಿ, ಈಚೆಗೆ ಮೂರ್ನಾಲ್ಕು ತೋಟದವರು ದ್ರಾಕ್ಷಿ ಬೆಳೆದು ಅಲ್ಲೇ ವೈನ್ ತಯಾರಿಸಲು ಶುರುಮಾಡಿದ್ದರು. ಹೊರಗಿನವರನ್ನು ಭಾನುವಾರಕ್ಕೊಮ್ಮೆ ಕರೆತಂದು, ತೋಟ ತೋರಿಸಿ, ದಾರಿಯ ಒಳ್ಳೊಳ್ಳೆಯ ಹೋಟೆಲುಗಳಲ್ಲಿ ಉಣ್ಣಿಸಿ ಕಳಿಸುವ ವ್ಯವಹಾರ ದೀಪಿಕಾಳ ತಲೆಗೆ ಹೊಳೆದಿತ್ತು. ಪ್ರವಾಸದ ಕೊನೆಯ ಊಟ ಅತ್ತೆಯ ಖಾನಾವಳಿಯಲ್ಲಿ. ಮೊದಲ ತಂಡ ಬರುವ ಭಾನುವಾರಕ್ಕೆ ಮೂರೇ ದಿನ ಉಳಿದಿತ್ತು.

"ನಿಮ್ಮ ಎಣ್ಣೆಗಾಯಿ ತಿನ್ನದೆ ಅವ್ರು ಊರು ಬಿಡಬಾರ್ದು ಅತ್ತೆ. ಅವ್ರು ವೈನ್ ರುಚಿ ನೋಡಿ ಉಗಿಯೋರು, ಕುಡಿದು ತೂರಾಡೋರಲ್ಲ. ಮೊದ್ಲು ನೀವೇ ಬಂದು ಎಲ್ಲಾ ನೋಡ್ರಿ," ಎಂದಿದ್ದಳು.

ಅನ್ನಪೂರ್ಣಮ್ಮ "ಆಗ್ಲಿ ಬಿಡವ್ವ" ಎಂದಳು. ಒಳಗೊಳಗೇ ಎದೆ ಧಸಕ್ಕೆಂದಿತು.

ಕಾರಣವನ್ನು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ನನಗೇನಾಗಬೇಕು? ಆಕೆಯ ಅಡುಗೆಮನೆಗೆ ಗಂಡನ ತಾಯಿ, ಅತ್ತೆಮ್ಮ, ಹಾಕಿಕೊಟ್ಟ ಒಂದು ಕಟ್ಟಳೆಯಿತ್ತು. ಮೊದಲ ತುತ್ತು ಉಣ್ಣಲು ಕೂತವರದು. ಬಡಿಸುವ ಮೊದಲು ಬೇರೆ ಯಾರ ನಾಲಿಗೆ ಮುಟ್ಟಿದರೂ ಅದು ಎಂಜಲು. ಹಾಗಾದರೆ ಉಪ್ಪು ಖಾರ ತಿಳಿಯುವುದು ಹೇಗೆ? ಹಬೆಯಿಂದ. ಮುಚ್ಚಳ ತೆಗೆದು ಮುಖ ಬಗ್ಗಿಸಿ ಒಂದು ಉಸಿರು ಎಳೆದರೆ ಸಾಕು, ಉಪ್ಪು ಎಷ್ಟು ಬೇಕೆಂದು ಆಕೆಗೆ ಗೊತ್ತಾಗುತ್ತಿತ್ತು. ನಂಬದವರು ನಂಬಬೇಡಿ. ಇಪ್ಪತ್ತಾರು ವರ್ಷ ಹೀಗೆಯೇ ನಡೆಯಿತು, ಒಂದು ದಿನವೂ ಕೈ ತಪ್ಪಲಿಲ್ಲ. ಆಮೇಲೆ ಒಂದು ಜ್ವರ ಬಂತು. ಜ್ವರ ಹೋಗುವಾಗ ಮೂಗಿನ ಶಕ್ತಿಯನ್ನೂ ನಾಲಿಗೆಯ ರುಚಿಯನ್ನೂ ಹೊತ್ತುಕೊಂಡು ಹೋಯಿತು. ಎರಡು ವರ್ಷವಾದರೂ ವಾಪಸ್ ಬರಲಿಲ್ಲ. ಒಗ್ಗರಣೆ ಸಿಡಿಯುವುದು ಕಿವಿಗೆ ಕೇಳುತ್ತಿತ್ತು, ಮೂಗಿಗೆ ಮಾತ್ರ ನೀರು ಕಾಯಿಸಿದ ಹಾಗೆ. ಯಾರಿಗೂ ಹೇಳಲಿಲ್ಲ. ಹೇಳಿದರೆ "ಸಾಕು ಬಿಡ್ರಿ, ಇನ್ನು ಆರಾಮಾಗಿ ಕೂತ್ಕಳ್ರಿ" ಎಂದು ಒಲೆಯ ಮುಂದಿನಿಂದ ಎಬ್ಬಿಸಿಬಿಡುತ್ತಾರೆಂಬ ಭಯ. ಕೈ ಅಂದಾಜಿನಲ್ಲಿ ಹಾಕುತ್ತ, ಉಣ್ಣುವವರ ಮುಖ ನೋಡುತ್ತ ದಿನ ದೂಡುತ್ತಿದ್ದಳು. ಎಲ್ಲರೂ "ಚೆನ್ನಾಗೈತೆ" ಎಂದು ಕೈ ತೊಳೆದು ಹೋಗುತ್ತಿದ್ದರು. ಆ ಮಾತನ್ನು ನಂಬುವುದೋ ಬಿಡುವುದೋ ಆಕೆಗೆ ತಿಳಿಯುತ್ತಿರಲಿಲ್ಲ.

ವ್ಯಾನು ಮುರ್ತುಜಾನದು. ಖಾನಾವಳಿಯ ಎದುರಿಗೇ ಅವನ ಗ್ಯಾರೇಜು. ಮಧ್ಯಾಹ್ನದ ಊಟ ಹನ್ನೆರಡು ವರ್ಷದಿಂದ ಆಕೆಯ ಬೆಂಚಿನ ಮೇಲೆ. ಗಾಡಿ ಕೆಟ್ಟಿದ್ದರೆ ಯಾರ ಮುಲಾಜೂ ನೋಡದೆ "ಇದು ಗುಜರಿಗೇ ಸರಿ" ಎಂದು ಮುಖಕ್ಕೆ ಹೇಳುವ ಮನುಷ್ಯ. ವೈನ್ ಪ್ರವಾಸಕ್ಕೆ ಹೊರಟ ಮೂವರಲ್ಲಿ ಇಬ್ಬರು ಜನ್ಮದಲ್ಲಿ ಹನಿ ಮುಟ್ಟದವರು. ದೀಪಿಕಾಗೆ ಇದೇ ದೊಡ್ಡ ತಮಾಷೆ.

ಬಯಲು ದಾಟಿ ಬಂಡೆಗಳ ನಡುವೆ ಏರು ಶುರುವಾದಾಗ ಕ್ಲಚ್ ಪ್ಲೇಟು ಕಾದು ವ್ಯಾನಿನ ತುಂಬ ಸುಟ್ಟ ಘಾಟು ಹರಡಿತು. ದೀಪಿಕಾ ದುಪಟ್ಟಾ ಮುಖಕ್ಕೆ ಒತ್ತಿಕೊಂಡು ಕಿಟಕಿಯ ಕಡೆ ವಾಲಿದಳು. ಅನ್ನಪೂರ್ಣಮ್ಮ ಗುಡ್ಡ ನೋಡುತ್ತ ಹಾಯಾಗಿ ಕೂತಿದ್ದಳು. ಮುರ್ತುಜಾ ಕನ್ನಡಿಯಲ್ಲಿ ಆಕೆಯನ್ನು ಒಂದು ಗಳಿಗೆ ನೋಡಿ ಗೇರ್ ಇಳಿಸಿದ.

ಮೊಳಕಾಲ್ಮೂರಿನಲ್ಲಿ ತಿಂಡಿಗೆ ನಿಂತರು. ಹೋಟೆಲಿನವನು ಒಂದು ಮೇಜಿಗೆ ಕನ್ನಡ, ಇನ್ನೊಂದಕ್ಕೆ ತೆಲುಗು ಆಡುತ್ತ ಒಗ್ಗರಣೆ ಮಂಡಕ್ಕಿಯ ಮೇಲೆ ಹುರಿಗಡಲೆ ಪುಡಿ ಉದುರಿಸಿ, ಪಕ್ಕಕ್ಕೆ ಮೆಣಸಿನಕಾಯಿ ಬಜ್ಜಿ ಇಟ್ಟು ಕೊಟ್ಟ. "ಘಮ ನೋಡ್ರಿ ಅತ್ತೆ!" ಎಂದಳು ದೀಪಿಕಾ. ಅತ್ತೆ ತಲೆಯಾಡಿಸಿ, ಬಜ್ಜಿಯ ಖಾರ ನಾಲಿಗೆ ಸುಟ್ಟಿದ್ದಕ್ಕೆ ಮನಸ್ಸಿನಲ್ಲೇ ಅದಕ್ಕೊಂದು ನಮಸ್ಕಾರ ಹಾಕಿದಳು. ಖಾರವೊಂದಾದರೂ ಉಳಿದಿತ್ತಲ್ಲ.

ತೋಟ ಕಂಡಾಗ ಮಾತ್ರ ಆಕೆ ತನ್ನ ಚಿಂತೆಯನ್ನೆಲ್ಲ ಮರೆತಳು. ಇಂಥ ನೆಲದಲ್ಲಿ ಜಾಲಿಯೂ ಯೋಚನೆ ಮಾಡಿ ಬೆಳೆಯಬೇಕು! ಎತ್ತ ನೋಡಿದರೂ ಆನೆ ಗಾತ್ರದ ಗುಂಡುಗಳು, ನಡುವೆ ಕೆಂಪು ಗರಸು ಮಣ್ಣು. ಆ ಗುಂಡುಗಳ ಸಂದಿನಿಂದ ಸಾಲಾಗಿ ಎದ್ದ ಬಳ್ಳಿಗಳು ತಂತಿ ಹಿಡಿದು ಹಬ್ಬಿದ್ದವು. ಎಲೆಯ ಕೆಳಗೆ ಕಪ್ಪಗೆ, ಬೂದಿ ಸವರಿದಂತೆ ಗೊಂಚಲುಗಳು.

ತೋಟದ ಯಜಮಾನ ಹಾಲೇಶಪ್ಪ ಎದುರುಗೊಂಡ. ಅರವತ್ತು ದಾಟಿದ ಶಿವಭಕ್ತ, ಹಣೆ ತುಂಬ ವಿಭೂತಿ. "ಬೇರು ಎಷ್ಟು ಆಳಕ್ಕೆ ಹೋಗ್ಯಾವೆ ಗೊತ್ತೇನ್ರಿ ಅಮ್ಮಾರೆ? ಬಾವಿ ತೋಡ್ವಾಗ ಮೂರಾಳು ಕೆಳಗೂ ಸಿಕ್ಕವು, ಬಂಡೆ ಬಿರುಕಿನಾಗೆ. ನೀರಿರೋ ಜಾಗ ಕಣ್ಣಿಲ್ದೆ ಹೆಂಗೆ ಹುಡುಕ್ತಾವೋ ಆ ಶಿವನಿಗೇ ಗೊತ್ತು."

ಅನ್ನಪೂರ್ಣಮ್ಮ ಬಗ್ಗಿ ಬಳ್ಳಿಯ ಬುಡವನ್ನು ಬೆರಳಿನಿಂದ ಮುಟ್ಟಿದಳು. ಒಣಗಿದ ಹಗ್ಗದಂತಿದ್ದ ಆ ಬುಡ ಇಷ್ಟು ರಸ ಎತ್ತುವುದೆಂದರೇನು! ಆಕೆಗೆ ಕೈ ಮುಗಿಯಬೇಕೆನಿಸಿತು, ಮುಗಿದೇಬಿಟ್ಟಳು.

ಹಾಲೇಶಪ್ಪ ಆಗಷ್ಟೇ ಹಿಂಡಿದ ದ್ರಾಕ್ಷಿ ರಸವನ್ನು ಸೌಟಿನಲ್ಲಿ ತಂದ. ಲೋಟಕ್ಕೆ ಸುರಿಯುವ ಮುಂಚೆಯೇ ಅನ್ನಪೂರ್ಣಮ್ಮ ಬಲಗೈ ಬಟ್ಟಲು ಮಾಡಿ ಒಡ್ಡಿದಳು, ಕುಡಿದಳು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡಳು. ದೀಪಿಕಾ ಬಿದ್ದು ಬಿದ್ದು ನಕ್ಕಳು. "ಅತ್ತೆ, ಅದು ತೀರ್ಥ ಅಲ್ಲ!" ಹಾಲೇಶಪ್ಪ ನಗಲಿಲ್ಲ. "ನಾನೂ ಹಂಗೇ ಕುಡಿಯೋದು ಕಣವ್ವ," ಎಂದ.

ಆಮೇಲೆ ಕಲ್ಲಿನ ಉಗ್ರಾಣಕ್ಕೆ ಕರೆದೊಯ್ದ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿದ್ದರೆ ಒಳಗೆ ಗರ್ಭಗುಡಿಯ ತಂಪು. ಮಸಕು ಬೆಳಕಿನಲ್ಲಿ ದೊಡ್ಡ ದೊಡ್ಡ ಪೀಪಾಯಿಗಳು ಸಾಲಾಗಿ ಮಲಗಿದ್ದವು. "ಕಿವಿ ಇಟ್ಟು ಕೇಳ್ರಿ," ಎಂದ. ಆಕೆ ಮರಕ್ಕೆ ಕಿವಿ ಇಟ್ಟಳು. ಒಳಗೆ ಕೊತಕೊತ ಎನ್ನುವ ಸದ್ದು. ಬೆಂಕಿಯಿಲ್ಲ, ಒಲೆಯಿಲ್ಲ, ಸೌಟು ಆಡಿಸುವವರಿಲ್ಲ. ಅಡುಗೆ ತಾನಾಗಿಯೇ ಕುದಿಯುತ್ತಿತ್ತು. ಇಪ್ಪತ್ತೆಂಟು ವರ್ಷ ಹೊಗೆ ಕುಡಿದ ಹೆಂಗಸು ಆ ಸದ್ದಿಗೆ ಮೈಯೆಲ್ಲ ಜುಮ್ಮೆಂದು ನಿಂತುಬಿಟ್ಟಳು. ಎಷ್ಟು ಹೊತ್ತಾದರೂ ಕಿವಿ ತೆಗೆಯಲು ಮನಸ್ಸಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮುರ್ತುಜಾನೂ ಬಂದು ಪಕ್ಕದ ಪೀಪಾಯಿಗೆ ಕಿವಿ ಕೊಟ್ಟ. "ಯಾ ಅಲ್ಲಾ," ಎಂದ, ತನಗೇ ಕೇಳುವಷ್ಟು ಮೆಲ್ಲಗೆ.

"ಇದು ಹದಕ್ಕೆ ಬಂತು ಅಂತ ನಿಮಗೆ ಹೆಂಗೆ ಗೊತ್ತಾಗ್ತೈತ್ರಿ?" ಅನ್ನಪೂರ್ಣಮ್ಮ ಕೇಳಿದಳು.

"ನನಗೆಲ್ಲಿ ಗೊತ್ತಾಗ್ತೈತಿ? ನಾನು ದೀಕ್ಷೆ ತಗಂಡೋನು, ಹನಿ ನಾಲಿಗೆಗೆ ಇಡಂಗಿಲ್ಲ," ಎಂದು ಹಾಲೇಶಪ್ಪ ಸ್ವಲ್ಪವೂ ಸಂಕೋಚವಿಲ್ಲದೆ ಹೇಳಿದ. "ಗಂಗಲಕ್ಷ್ಮೀ, ಬಾರವ್ವ ಇಲ್ಲಿ."

ಬುಟ್ಟಿ ಇಳಿಸಿ, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಡುವಯಸ್ಸಿನ ಕೂಲಿ ಹೆಂಗಸೊಬ್ಬಳು ಬಂದಳು. ಅವಳ ಅಪ್ಪ ಈಚಲು ಮರ ಕಟ್ಟಿ ಹೆಂಡ ಇಳಿಸುತ್ತಿದ್ದವನಂತೆ. ಹುಳಿ ಯಾವಾಗ ಏರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದು ಅವಳಿಗೆ ಚಿಕ್ಕಂದಿನಿಂದ ಬಂದ ವಿದ್ಯೆ. ಪೀಪಾಯಿಯಿಂದ ಒಂದು ಗುಟುಕು ತೆಗೆದು ಬಾಯಲ್ಲಿ ಹೊರಳಿಸಿ ಬಕೀಟಿಗೆ ಉಗಿದಳು. "ಇನ್ನಾ ಹಸಿ ಐತಿ ಗೌಡ್ರೆ. ಒಂದು ವಾರ ಮುಟ್ಟಬ್ಯಾಡ್ರಿ," ಎಂದು ಹೇಳಿ ತನ್ನ ಬುಟ್ಟಿಯ ಕಡೆ ಹೋದಳು.

"ಆತಲ್ಲ, ವಾರ ಮುಟ್ಟಂಗಿಲ್ಲ," ಎಂದ ಹಾಲೇಶಪ್ಪ. "ಆರು ವರ್ಷದಿಂದ ಆಯಮ್ಮನ ನಾಲಿಗೆ ಮ್ಯಾಲೇ ನಮ್ಮ ತೋಟ ನಿಂತೈತಿ."

ಅನ್ನಪೂರ್ಣಮ್ಮ ಗಂಗಲಕ್ಷ್ಮಿ ಹೋದ ದಿಕ್ಕನ್ನೇ ನೋಡುತ್ತ ನಿಂತಳು. ಎಕರೆಗಟ್ಟಲೆ ತೋಟ, ಇಷ್ಟು ದೊಡ್ಡ ಉಗ್ರಾಣ. ಯಜಮಾನ ತನಗೆ ರುಚಿ ತಿಳಿಯದೆಂದು ಬಂದವರ ಎದುರಿಗೇ ಹೇಳಿ ಹಾಯಾಗಿ ನಗುತ್ತಿದ್ದಾನೆ!

ಚಪ್ಪರದ ಕೆಳಗೆ ಕಲ್ಲುಚಪ್ಪಡಿಯ ಮೇಜುಗಳಿದ್ದ ಪುಟ್ಟ ಹೋಟೆಲಿತ್ತು. ಹೊರಗಿನಿಂದ ಬಂದ ನಾಲ್ಕು ಜನ ಉಣ್ಣುತ್ತಿದ್ದರು. ಉಣ್ಣುತ್ತಿದ್ದರು ಎನ್ನುವುದು ನನ್ನ ಮಾತು. ಅವರು ಒಂದೊಂದು ತುತ್ತನ್ನೂ ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಪೂಜೆಗೆ ಕೂತವರಂತೆ ಅಗಿಯುತ್ತಿದ್ದರು. ದೀಪಿಕಾ ವೈನಿದ್ದ ಗಾಜಿನ ಲೋಟವನ್ನು ತಿರುಗಿಸಿ ಮೂಸಿದಳು. "ನೇರಳೆಹಣ್ಣು… ಆಮೇಲೆ ಮಳೆ ಬಿದ್ದ ಮಣ್ಣು. ಕುಡಿಯೋದು ಬ್ಯಾಡ ಅತ್ತೆ, ಬರೀ ಮೂಸಿ. ನಿಮ್ಮ ಮೂಗು ಅಂದ್ರೆ ಕೇಳ್ಬೇಕಾ!"

ಅನ್ನಪೂರ್ಣಮ್ಮ ಲೋಟ ಹಿಡಿದಳು. ಎದೆ ತುಂಬ ಉಸಿರೆಳೆದಳು. ಏನೂ ಇಲ್ಲ. "ಬೆಲ್ಲ," ಎಂದಳು. ಸುಳ್ಳು ಹೇಳಿದ ನಾಚಿಕೆಗೆ ಕಿವಿ ಬಿಸಿಯಾಯಿತು. ಇಂಥ ಜನವೇ ಭಾನುವಾರ ತನ್ನ ಬೆಂಚಿನ ಮೇಲೆ ಕೂರುವವರು.

ಭಾನುವಾರ ಬಂದೇಬಂತು. ಮಧ್ಯಾಹ್ನ ಒಂದೂವರೆಗೆ ಮುರ್ತುಜಾನ ವ್ಯಾನು ಓಣಿಗೆ ತಿರುಗಿತು. ಎಂಟು ಜನ ಇಳಿದು ಬೆಂಚಿನ ಮೇಲೆ ಕೂತರು, ಎಲೆ ಹಾಕಿದ್ದಾಯಿತು. ಒಳಗೆ ರೊಟ್ಟಿ ತಟ್ಟುವ ಶಿಲ್ಪಾ ಬಿಸಿ ರೊಟ್ಟಿಗಳನ್ನು ಬುಟ್ಟಿಗೆ ಹಾಕುತ್ತಿದ್ದಳು. ಬೋಗುಣಿಯಲ್ಲಿ ಎಣ್ಣೆಗಾಯಿ, ಪಕ್ಕದಲ್ಲಿ ಶೇಂಗಾ ಚಟ್ನಿ, ಸೊಪ್ಪಿನ ಸಾರು. ಅನ್ನಪೂರ್ಣಮ್ಮ ಮುಚ್ಚಳ ತೆಗೆದು ಅಭ್ಯಾಸದಂತೆ ಮುಖ ಬಗ್ಗಿಸಿದಳು. ಹಬೆ ಕೆನ್ನೆಗೆ ತಾಗಿತು, ಅಷ್ಟೆ. ಆಕೆ ಮುಚ್ಚಳ ಕೆಳಗಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದಳು. ಶಿಲ್ಪಾಳನ್ನು ಕೇಳಿ ಪ್ರಯೋಜನವಿಲ್ಲ, ಅವಳು ಹೆದರಿ ಎಲ್ಲಕ್ಕೂ ಹೂಂ ಅನ್ನುವವಳು.

"ಮುರ್ತುಜಾ, ಒಳಗೆ ಬಾರಪ್ಪ."

ಹನ್ನೆರಡು ವರ್ಷದಲ್ಲಿ ಅವನು ಆ ಹೊಸ್ತಿಲು ದಾಟಿದವನಲ್ಲ. ಚಪ್ಪಲಿ ಕಳಚಿ, ತೊಳೆದ ಕೈಯನ್ನೇ ಇನ್ನೊಮ್ಮೆ ತೊಳೆದು ಒಳಗೆ ಬಂದ. ಶಿಲ್ಪಾಳ ಕೈಯ ರೊಟ್ಟಿ ಹೆಂಚಿನ ಮೇಲೆ ಅರ್ಧಕ್ಕೇ ನಿಂತಿತು. ಬಡಿಸಲು ಬಂದಿದ್ದ ದೀಪಿಕಾ ಬಾಗಿಲಲ್ಲೇ ನಿಂತಳು.

ಅನ್ನಪೂರ್ಣಮ್ಮ ಎಲ್ಲರೆದುರಿಗೂ ಹೇಳಿದಳು: "ನನಗೆ ಎರಡು ವರ್ಷದಿಂದ ವಾಸನೆ, ರುಚಿ ಅಂಬೋದೇ ಇಲ್ಲ ಕಣಪ್ಪ. ಏನು ಹಾಕ್ತಿದೀನಿ, ಎಷ್ಟು ಹಾಕ್ತಿದೀನಿ, ಒಂದೂ ತಿಳಿಯಲ್ಲ."

ದೀಪಿಕಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮುರ್ತುಜಾ ತಲೆ ತಗ್ಗಿಸಿದ.

"ಗೊತ್ತಮ್ಮಾ."

"ಗೊತ್ತಾ?"

"ಸಾರಿಗೆ ಇಂಗು ಎರಡೆರಡು ಸಲ ಬೀಳ್ತಿತ್ತು. ಒಂದಿನ ಚಟ್ನಿ ಶೇಂಗಾ ಮುಗ್ಗಲು ಹಿಡಿದಿತ್ತು. ಬೆಂಚಿನವ್ರಿಗೆಲ್ಲಾ ಗೊತ್ತೈತೆ, ಬ್ಯಾಂಕಿನವ್ರಿಗೂ, ಕಂಡಕ್ಟ್ರುಗಳಿಗೂ."

ಅನ್ನಪೂರ್ಣಮ್ಮ ಒಲೆಯ ಕಟ್ಟೆ ಹಿಡಿದುಕೊಂಡಳು. ಎರಡು ವರ್ಷ. ದಿನಕ್ಕೆ ಅರವತ್ತು ಎಲೆ. ಆ ಊಟ ಉಂಡು, ಮರುದಿನ ಮತ್ತೆ ಬಂದು ಅದೇ ಜಾಗದಲ್ಲಿ ಕೂತು, "ಚೆನ್ನಾಗೈತೆ" ಎಂದು ಕೈ ತೊಳೆದು ಹೋದ ಆ ಮುಖಗಳೆಲ್ಲ ಒಂದೊಂದಾಗಿ ಕಣ್ಣಮುಂದೆ ಬಂದವು. ಇಷ್ಟು ಜನ ತನ್ನನ್ನು ಹೀಗೆ ಕಾಯ್ದಿದ್ದರೇ! ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದಳು.

"ಕಂಡೋರ ಗಾಡಿಗೆಲ್ಲ ಮುಖಕ್ಕೆ ಹೊಡೆದಂಗೆ ಹೇಳ್ತೀಯಲ್ಲ, ನನಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲಲ್ಲಮ್ಮಾ."

ಆಕೆ ಒಂದು ಬದನೆಕಾಯಿಯನ್ನು ಮಸಾಲೆ ಸಮೇತ ಬಟ್ಟಲಿಗೆ ಹಾಕಿ ಅವನ ಮುಂದೆ ಹಿಡಿದಳು. ಹೊರಗೆ ಎಂಟು ಜನ ಕಾದು ಕೂತಿದ್ದರು. ಅವರಿಗಿಂತ ಮೊದಲು ಒಬ್ಬನ ನಾಲಿಗೆ ಮುಟ್ಟುತ್ತಿತ್ತು. ಅತ್ತೆಮ್ಮನ ಕಟ್ಟಳೆ ಅಲ್ಲಿಗೆ ಮುಗಿಯಿತು.

"ಈಗ ಕೇಳ್ತಿದೀನಿ. ತಿಂದು ನಿಜ ಹೇಳು. ಚೆನ್ನಾಗೈತೆ ಅಂದ್ರೆ ಇದೇ ಸೌಟಲ್ಲಿ ಬಾರಿಸ್ತೀನಿ."

ಮುರ್ತುಜಾ ತಿಂದ. ನಿಧಾನವಾಗಿ ಅಗಿದು ನುಂಗಿದ. ಸುಡುವ ಇಂಜಿನ್ನಿಗೂ ಅಳುಕದ ಮನುಷ್ಯ ಆಕೆಯ ಮುಖ ನೋಡಲಾರದೆ ಬೋಗುಣಿಯನ್ನು ನೋಡುತ್ತ ಹೇಳಿದ:

"ಉಪ್ಪು ಕಮ್ಮಿ ಐತಮ್ಮಾ."

ಎರಡು ವರ್ಷದಲ್ಲಿ ಆಕೆಯ ಅಡುಗೆಗೆ ಬಂದ ಮೊದಲ ನಿಜವಾದ ಮಾತು ಅದು. ಅನ್ನಪೂರ್ಣಮ್ಮ ಉಪ್ಪಿನ ಡಬ್ಬಿಗೆ ಕೈ ಹಾಕಿದಳು.

"ಎಷ್ಟು ಹಾಕ್ಲಿ, ಹೇಳು," ಎಂದಳು.